ದಾಳ ಕಿತ್ತುಹಾಕಿದ್ರೆ ಸಾಲದು: ನಿಮ್ಮ ಲೇಖನದ ಬಗ್ಗೆ ನಾಲ್ಕು ಮಾತು

ನಮಸ್ಕಾರ. ಸ್ಟ್ರಾಟೆಜಿ ಬೋರ್ಡ್ ಗೇಮ್‌ಗಳಲ್ಲಿ ಲಕ್ ಎಷ್ಟಿರಬೇಕು, ಜಾಣ್ಮೆ ಎಷ್ಟಿರಬೇಕು ಅಂತ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ನೇರವಾಗಿ ಹೇಳ್ಬಿಡ್ತೀನಿ, ಈಗಿರೋ ಹಾಗೆ ಹಾಕೋಕಾಗಲ್ಲ. ಆದ್ರೆ ತಳ್ಳಿಹಾಕೋ ಬರಹಾನೂ ಅಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲ ಮೂರು ಪ್ಯಾರಾ ತೆಗೀರಿ. ಮನುಷ್ಯ ಅನಾದಿ ಕಾಲದಿಂದ ಆಟ ಆಡ್ತಾ ಬಂದಿದಾನೆ ಅನ್ನೋದು ಓದುಗರಿಗೆ ಗೊತ್ತು. ನಿಮ್ಮ ಲೇಖನ ನಿಜವಾಗಿ ಶುರುವಾಗೋದು ನಾಲ್ಕನೇ ಪ್ಯಾರಾದಲ್ಲಿ, ಕ್ಯಾಟಾನ್ (ಎರಡು ದಾಳದ ಮೊತ್ತ ಯಾವ ನಂಬರ್ ಬರುತ್ತೋ ಆ ನಂಬರಿನ ಜಾಗದ ಪಕ್ಕ ಮನೆ ಇರೋರಿಗೆ ಸಾಮಾನು ಸಿಗೋ ಬೋರ್ಡ್ ಗೇಮ್) ಆಡ್ತಾ 12ರ ಪಕ್ಕ ಮನೆ ಕಟ್ಟಿ ಸೋತ ನಿಮ್ಮ ಫ್ರೆಂಡ್ ಕಥೆ ಬರುತ್ತಲ್ಲ, ಅಲ್ಲಿ.

ಆದ್ರೆ ಅದನ್ನ ನೀವು ‘ದುರದೃಷ್ಟ’ ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ರಿ. ಅಲ್ಲ ರೀ, ಎರಡು ದಾಳ ಹಾಕಿದ್ರೆ 36 ಸಾಧ್ಯತೆ, ಅದ್ರಲ್ಲಿ 12 ಬರೋದು ಒಂದೇ ಒಂದು, 8 ಬರೋದು ಐದು. 72 ಸಲ ದಾಳ ಉರುಳಿದ್ರೆ ಸರಾಸರಿ 12 ಎರಡು ಸಲ, 8 ಹತ್ತು ಸಲ. ಬೇರೆ ಜಾಗ ಖಾಲಿ ಇದ್ರೂ ಅವರು 12 ಆರಿಸ್ಕೊಂಡಿದ್ರೆ ಅದು ಲಕ್ ಅಲ್ಲ, ಲೆಕ್ಕ ತಪ್ಪಿದ್ದು. 6 ಮತ್ತು 8ರ ಮೇಲೆ ಕೂತವರಿಗೂ ಇಡೀ ಆಟ ಆ ನಂಬರ್ ಬರದೇ ಹೋಗಬಹುದು, ಅದು ಲಕ್. ಇವೆರಡನ್ನ ಬೇರೆ ಬೇರೆ ಮಾಡಿ ತೋರಿಸೋದೇ ನಿಮ್ಮ ಲೇಖನದ ಕೆಲಸ ಆಗಿತ್ತು, ಅದನ್ನ ಬಿಟ್ಟು ‘50:50 ಇದ್ರೆ ಬೆಸ್ಟ್’ ಅಂತ ತೀರ್ಪು ಕೊಟ್ಟಿದೀರಿ. ಯಾವುದರ 50? ಅಳೆದಿದ್ದು ಹೇಗೆ?

ಇಡೀ ಲೇಖನದಲ್ಲಿ ಲಕ್ ಜಾಸ್ತಿ ಆದ್ರೆ ಜಾಣ್ಮೆ ಕಮ್ಮಿ ಅಂತ ತಕ್ಕಡಿ ಹಿಡ್ಕೊಂಡಿದೀರಿ. ಹಾಗಿಲ್ಲ ಅದು. ದಾಳ ಹಾಕಿ ಕಾಯಿ ನಡೆಸೋ ಇಬ್ಬರ ಆಟ ಬ್ಯಾಕ್‌ಗ್ಯಾಮನ್ ನೋಡಿ, ಪ್ರತಿ ಸರದಿಗೂ ದಾಳ, ಆದ್ರೂ ಪಳಗಿದವರ ಮುಂದೆ ಹೊಸಬರು ಒಂದೆರಡು ಆಟ ಗೆಲ್ಲಬಹುದು, ನೂರು ಆಟ ಆಡಿಸಿದ್ರೆ ಒಟ್ಟಾರೆ ಸೋತೇ ಸೋಲ್ತಾರೆ. 1920ರ ದಶಕದಲ್ಲಿ ಅದಕ್ಕೆ ಡಬ್ಲಿಂಗ್ ಕ್ಯೂಬ್ ಬಂತು: ಎದುರಾಳಿ ಪಣ ದುಪ್ಪಟ್ಟು ಮಾಡ್ತೀನಿ ಅಂದಾಗ ಒಪ್ಕೋಬೇಕು, ಇಲ್ಲಾಂದ್ರೆ ಈಗಿನ ಪಣಕ್ಕೇ ಸೋಲು ಒಪ್ಪಿ ಏಳಬೇಕು. ಗೆಲ್ಲೋ ಚಾನ್ಸ್ ಹೆಚ್ಚುಕಮ್ಮಿ 25%ಗಿಂತ ಜಾಸ್ತಿ ಇದ್ರೆ ಒಪ್ಕೊಳ್ಳೋದೇ ಲಾಭ ಅನ್ನೋದು ಅಲ್ಲಿನ ಮೂಲ ಲೆಕ್ಕ. ಅಂದ್ರೆ ಲಕ್ ಎಷ್ಟಿದೆ ಅಂತ ತೂಗೋದೇ ಒಂದು ಜಾಣ್ಮೆ ಆಯ್ತು. ನಿಮ್ಮ ಲೇಖನದಲ್ಲಿ ಬ್ಯಾಕ್‌ಗ್ಯಾಮನ್ ಹೆಸರೇ ಇಲ್ಲ, ಚೆಸ್ ಹೊಗಳಿಕೆ ಮಾತ್ರ ಒಂದೂವರೆ ಪುಟ!

ಇನ್ನೊಂದು, ಇದೇ ಮುಖ್ಯ. ಲಕ್ ಎಷ್ಟು ಅನ್ನೋದಕ್ಕಿಂತ ಯಾವಾಗ ಬರುತ್ತೆ ಅಂತ ಕೇಳಿ. ಬ್ಯಾಕ್‌ಗ್ಯಾಮನ್‌ನಲ್ಲಿ ಮೊದಲು ದಾಳ, ಆಮೇಲೆ ನಿಮ್ಮ ನಿರ್ಧಾರ, ಕೆಟ್ಟ ನಂಬರ್ ಬಂದ್ರೂ ಅದನ್ನ ಹೇಗೆ ನಡೆಸಬೇಕು ಅನ್ನೋದು ನಿಮ್ಮ ಕೈಲಿದೆ. ಬೇರೆಯವರ ಪ್ರದೇಶ ಗೆಲ್ಲೋ ಯುದ್ಧದ ಬೋರ್ಡ್ ಗೇಮ್ ರಿಸ್ಕ್‌ನಲ್ಲಿ ಉಲ್ಟಾ, ದಾಳಿ ಮಾಡ್ತೀನಿ ಅಂತ ನಿರ್ಧಾರ ಮಾಡಿದ ಮೇಲೆ ದಾಳ, ಇಬ್ಬರಿಗೂ ಒಂದೇ ನಂಬರ್ ಬಂದ್ರೆ ರಕ್ಷಣೆ ಮಾಡೋರದ್ದೇ ಗೆಲುವು, ಇಬ್ಬರೂ ಒಂದೊಂದೇ ದಾಳ ಹಾಕಿದ್ರೆ ದಾಳಿ ಮಾಡಿದವರು ಗೆಲ್ಲೋದು 36ರಲ್ಲಿ 15 ಸಲ ಮಾತ್ರ. ಪ್ಲ್ಯಾನ್ ಸರಿ ಇದ್ದೂ ಸೋತಾಗ ಹೊಟ್ಟೆ ಉರಿಯೋದು ಇಲ್ಲೇ ಜಾಸ್ತಿ. ಹಾಗಂತ ಇದು ಕೆಟ್ಟ ಡಿಸೈನ್ ಅಂತಲ್ಲ, ಯುದ್ಧದ ಆಟಕ್ಕೆ ಆ ಭಯ ಬೇಕು ಅಂತಾನೂ ವಾದ ಮಾಡಬಹುದು, ನೀವೇ ಮಾಡಿ ನೋಡಿ.

ಡೂಪ್ಲಿಕೇಟ್ ಬ್ರಿಜ್ ಅನ್ನೋ ಇಸ್ಪೀಟ್ ಆಟದ ಬಗ್ಗೆ ಒಂದು ಪ್ಯಾರಾ ಸೇರಿಸಿ. ಅದೇ ಎಲೆಗಳನ್ನ ಬೇರೆ ಬೇರೆ ಟೇಬಲ್‌ನಲ್ಲಿ ಆಡಿಸಿ, ನಿಮಗೆ ಬಂದ ಎಲೆಗಳೇ ಸಿಕ್ಕಿದ ಉಳಿದವರ ಜೊತೆ ನಿಮ್ಮ ಸ್ಕೋರ್ ಹೋಲಿಸ್ತಾರೆ. ಬೋರ್ಡ್ ಗೇಮ್ ಅಲ್ಲ ನಿಜ, ಆದ್ರೆ ಎಲೆ ಕಲಸೋದನ್ನ ಹಾಗೇ ಉಳಿಸ್ಕೊಂಡು ಅದ್ರ ಅನ್ಯಾಯ ಮಾತ್ರ ತೆಗೆಯೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಭಾಷೆ ಚೆನ್ನಾಗಿದೆ, ಆದ್ರೆ ‘ಅದ್ಭುತ’ ‘ರೋಚಕ’ ಎಲ್ಲಾ ತೆಗೀರಿ. ಕೊನೆಯ ‘ಬದುಕೂ ಒಂದು ಆಟ’ ಪ್ಯಾರಾ ದಯವಿಟ್ಟು ಬೇಡ. ಫ್ರೆಂಡ್ ಕಥೆಯಿಂದ ಶುರು ಮಾಡಿ, ಅವರು ಮನೆ ಕಟ್ಟಿದಾಗ ಬೇರೆ ಯಾವ ಜಾಗ ಖಾಲಿ ಇತ್ತು ಅಂತ ಕೇಳಿ ಬರೀರಿ, ಈಗಿನ ಅರ್ಧದಷ್ಟು ಉದ್ದಕ್ಕೆ ಇಳಿಸಿ ಕಳಿಸಿ. ಟೈಟಲ್ ಆಮೇಲೆ ನೋಡೋಣ.