ತೆರಿಗೆ ಇಳಿಸಿದರೆ ಶಿವಮೊಗ್ಗಕ್ಕೆ ಕಚೇರಿ ಬಂದೀತೇ?

ಸಾಗರದ ಓದುಗರೊಬ್ಬರ ಪತ್ರ: "ಸೋಗಾನೆಯಲ್ಲಿ ವಿಮಾನ ನಿಲ್ದಾಣವಾಯಿತು. ಐರ್ಲೆಂಡಿನ ಹಾಗೆ ತೆರಿಗೆ ಇಳಿಸಿ ಹೊರದೇಶಗಳಲ್ಲಿ ಪ್ರಚಾರ ಮಾಡಿದರೆ ವಿದೇಶಿ ಕಂಪನಿಗಳು ಶಿವಮೊಗ್ಗದಲ್ಲೂ ಕಚೇರಿ ತೆರೆಯಲಾರವೇ?"

ಸಂಪಾದಕರ ಉತ್ತರ: ನಿಮ್ಮ ಆಸೆ ನಮ್ಮದೂ ಹೌದು. ಆದರೆ ಕಂಪನಿ ತೆರಿಗೆ ಇಳಿಸುವುದು ದೆಹಲಿಯ ಕೈಯಲ್ಲಿದೆ, ವಿಧಾನಸೌಧದ ಕೈಯಲ್ಲಿಲ್ಲ. ರಾಜ್ಯ ಕೊಡಬಲ್ಲದ್ದು ಬಾಡಿಗೆಯಲ್ಲಿ ನೆರವು, ಮುದ್ರಾಂಕ ಶುಲ್ಕದಲ್ಲಿ ವಿನಾಯಿತಿ, ತರಬೇತಿಯ ಖರ್ಚಿನಲ್ಲೊಂದು ಪಾಲು, ಇಂಥವು.

ಐರ್ಲೆಂಡಿನಲ್ಲೂ ತೆರಿಗೆಯೊಂದೇ ಕೆಲಸ ಮಾಡಲಿಲ್ಲ. ಹೂಡಿಕೆ ತರುವ ಸಂಸ್ಥೆ ಐಡಿಎ ಹುಟ್ಟಿದ್ದು 1949ರಲ್ಲಿ. ಶ್ಯಾನನ್ ವಿಮಾನ ನಿಲ್ದಾಣದ ಮಗ್ಗುಲಲ್ಲಿ ಸುಂಕಮುಕ್ತ ವಲಯವಾದದ್ದು 1959ರಲ್ಲಿ, ಪ್ರೌಢಶಿಕ್ಷಣ ಉಚಿತವಾದದ್ದು 1967ರಲ್ಲಿ. ರಫ್ತು ಲಾಭಕ್ಕೆ ರಿಯಾಯಿತಿ ಮೊದಲೇ ಇತ್ತು, ನಿಜ. ಆದರೆ ಎಲ್ಲರ ಬಾಯಲ್ಲಿರುವ ಶೇ. 12.5ರ ದರ ಬಂದದ್ದು 2003ರಲ್ಲಿ. ದೊಡ್ಡ ಕಂಪನಿಗಳಿಗೆ 2024ರಿಂದ ಅದೂ ಶೇ. 15 ಆಗಿದೆ.

ನಮ್ಮಲ್ಲಿ ಕಂಪನಿಗೆ ಮೊದಲು ಎದುರಾಗುವುದು ಕಚೇರಿಯ ಸ್ವರೂಪದ ಪ್ರಶ್ನೆ. ಸಂಪರ್ಕ ಕಚೇರಿ ಇಲ್ಲಿ ಒಂದು ರೂಪಾಯಿಯನ್ನೂ ದುಡಿಯುವಂತಿಲ್ಲ. ಶಾಖೆಯಾದರೆ ಲಾಭಕ್ಕೆ ಶೇ. 35 ತೆರಿಗೆ, ಮೇಲೆ ಸೆಸ್. ಭಾರತದಲ್ಲೇ ನೋಂದಾಯಿಸಿದ ಅಂಗಸಂಸ್ಥೆಗೆ ಎಲ್ಲ ಸೇರಿ ಸುಮಾರು ಶೇ. 25.17ರಲ್ಲಿ ಮುಗಿಯುವ ಆಯ್ಕೆಯಿದೆ, ಹಾಗಾಗಿ ಬಹುತೇಕರು ಅದನ್ನೇ ಹಿಡಿಯುತ್ತಾರೆ. ಅದಕ್ಕೆ ವರ್ಷದಲ್ಲಿ 182 ದಿನವಾದರೂ ಭಾರತದಲ್ಲಿರುವ ಒಬ್ಬ ನಿರ್ದೇಶಕ ಬೇಕು. ಬಂಡವಾಳ ಬಂದ 60 ದಿನದೊಳಗೆ ಷೇರು ಹಂಚಬೇಕು, ಹಂಚಿದ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ಎಫ್‌ಸಿ-ಜಿಪಿಆರ್ ಎಂಬ ವರದಿ ನಮೂನೆ ಸಲ್ಲಿಸಬೇಕು. ಎಡವುವುದು ಇಲ್ಲೇ: ಹೊರದೇಶದ ದಾಖಲೆಗೆ, ಅದು ಅಸಲಿಯೆಂದು ಆ ದೇಶದ ಸರ್ಕಾರ ಒತ್ತುವ ಅಪೊಸ್ಟಿಲ್ ಮುದ್ರೆಯಿಲ್ಲದೆ ಕಡತ ವಾಪಸಾಗುತ್ತದೆ, ಷೇರಿನ ಗಡುವು ಮೀರುತ್ತದೆ, ದಂಡ ಬೀಳುತ್ತದೆ. ಇದನ್ನು ಕೈಹಿಡಿದು ದಾಟಿಸುವ ಒಬ್ಬ ಅಧಿಕಾರಿ ಹತ್ತು ಜಾಹೀರಾತಿಗಿಂತ ದೊಡ್ಡ ಆಕರ್ಷಣೆ.

2024ರ ನವೆಂಬರಿನಲ್ಲಿ ಬಂದ ರಾಜ್ಯದ ಜಿಸಿಸಿ (ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕೆ ಇಲ್ಲಿ ನಡೆಸುವ ಕೇಂದ್ರ) ನೀತಿ 2029ರೊಳಗೆ 500 ಹೊಸ ಕೇಂದ್ರಗಳ ಗುರಿ ಇಟ್ಟಿದೆ. ಶಿವಮೊಗ್ಗ ಇದರಲ್ಲಿ ಪಾಲು ಕೇಳಬೇಕಾದ್ದು ಲಂಡನ್ನಿನ ರೋಡ್‌ಶೋನಲ್ಲಲ್ಲ, ಬೆಂಗಳೂರಿನಲ್ಲಿ. ಅಲ್ಲಿ ಈಗಾಗಲೇ ಬೇರೂರಿದ ಕಂಪನಿಗೆ ಐವತ್ತು ಜನರ ಎರಡನೆಯ ಕಚೇರಿ ತೆರೆಯುವುದು ಸುಲಭ, ಕಾನೂನಿನ ಕೆಲಸ ಆಗಲೇ ಮುಗಿದಿರುತ್ತದೆ. ಅವರು ಕೇಳುವುದೂ ನೇರ ಪ್ರಶ್ನೆಗಳನ್ನೇ. ಮೊದಲ ಐವತ್ತು ಜನ ಸಿಕ್ಕಾರು, ಬಿಟ್ಟುಹೋದವರ ಜಾಗಕ್ಕೆ ಅನುಭವಿಗಳು ಸಿಗುತ್ತಾರೆಯೇ? ಜುಲೈ ಮಳೆಯಲ್ಲಿ ಲೈನಿನ ಮೇಲೆ ಮರ ಬಿದ್ದರೆ ಇನ್ನೊಂದು ಸಬ್‌ಸ್ಟೇಷನ್ನಿನಿಂದ ಕರೆಂಟ್ ಬರುತ್ತದೆಯೇ? ಎರಡು ಫೈಬರ್ ಕೇಬಲ್ ಇದ್ದೂ ಒಂದೇ ರಸ್ತೆಬದಿಯಲ್ಲಿ ಹೂತಿದ್ದರೆ ಒಂದು ಜೆಸಿಬಿ ಎರಡನ್ನೂ ಕತ್ತರಿಸುತ್ತದೆ. ಮಾಚೇನಹಳ್ಳಿ ಐಟಿ ಪಾರ್ಕ್ ತೋರಿಸಲು ಅವರನ್ನು ಕರೆಯುವ ಮೊದಲು ಈ ಮೂರಕ್ಕೂ ಉತ್ತರ ಬರಹದಲ್ಲಿ ಸಿದ್ಧವಿರಬೇಕು, ಕೇಬಲ್ ಹಾದಿಯ ನಕ್ಷೆಯೂ ಸೇರಿ.