ಬಟ್ಟಲಿನ ಒಳಗೆ ಹಡಗು ಏಕೆ?

ಪತ್ರ: ಕಳೆದ ಸಂಚಿಕೆಯಲ್ಲಿ 18ನೇ ಶತಮಾನದ ಲಿವರ್‌ಪೂಲ್ ಪಂಚ್ ಬಟ್ಟಲಿನ ಚಿತ್ರ ನೋಡಿದೆ. ಕುಡಿತದ ಪಾತ್ರೆಗೆ ಎರಡು ಪುಟ ಬೇಕಿತ್ತೇ? ಅಷ್ಟು ಚಂದದ ಹಡಗನ್ನು ಒಳತಳದಲ್ಲಿ ಬರೆದರೆ ಯಾರಿಗೆ ಕಾಣುತ್ತದೆ?
– ಓದುಗರು, ಧಾರವಾಡ

ಉತ್ತರ: ಕುಡಿಯುವವರಿಗೇ ಕಾಣಬೇಕು! ಬಟ್ಟಲು ಮೇಜಿನ ನಡುವೆ ಇರುತ್ತಿತ್ತು. ರಮ್ ಅಥವಾ ಬ್ರಾಂದಿಗೆ ನಿಂಬೆರಸ, ಸಕ್ಕರೆ, ನೀರು ಬೆರೆಸಿ, ಮೇಲೆ ಜಾಯಿಕಾಯಿ ತುರಿಯುತ್ತಿದ್ದರು. ಅದೇ ಪಂಚ್. ನಮ್ಮ ನೆರೆಯ ಗೋವಾದಲ್ಲಿ ತೆಂಗಿನ ಕಳ್ಳಿನಿಂದ ಭಟ್ಟಿ ಇಳಿಸಿದ ಸಾರಾಯಿಗೂ ಪಂಚ್‌ಗೆ ಒಳ್ಳೆಯದೆಂದು ಇಂಗ್ಲೆಂಡಿನಲ್ಲಿ ಹೆಸರಿತ್ತು. ಸೌಟಿನಲ್ಲಿ ಬಡಿಸುತ್ತಾ ಬಡಿಸುತ್ತಾ ಪಂಚ್ ಇಳಿದ ಹಾಗೆ ಹಡಗು ಮೇಲೆದ್ದು ಬರುತ್ತಿತ್ತು. ಅದರ ಕೆಳಗೆ ಹಡಗಿನ ಹೆಸರು ಹಿಡಿದು ‘ಜಯವಾಗಲಿ’ ಎಂಬ ಹಾರೈಕೆ.

ಆ ಗೆರೆಗಳನ್ನು ಇನ್ನೊಮ್ಮೆ ನೋಡಿ. ಸುಟ್ಟ ಮಣ್ಣಿನ ಬಟ್ಟಲನ್ನು ತವರ ಬೆರೆತ ಬಿಳಿ ಮೆರುಗಿನಲ್ಲಿ ಅದ್ದಿ, ಒಣಗಿದ ಮೇಲೆ ಕೋಬಾಲ್ಟ್ ನೀಲಿಯಲ್ಲಿ ಬರೆಯುತ್ತಿದ್ದರು. ಆ ಪುಡಿಪುಡಿ ಮೈ ಬಣ್ಣವನ್ನು ತಕ್ಷಣ ಹೀರಿಬಿಡುತ್ತದೆ. ತಪ್ಪಾದರೆ ಅಳಿಸುವಂತಿಲ್ಲ. ಗುಂಡಾದ ಒಳಮೈಯಲ್ಲಿ ಹಗ್ಗ, ಹಾಯಿ, ಬಾವುಟ ಎಲ್ಲವನ್ನೂ ಒಂದೇ ಸಲಕ್ಕೆ ಬರೆದ ಕೈಗೆ ಎರಡು ಪುಟ ಜಾಸ್ತಿಯಲ್ಲ.

ಕುಡಿತದ ಬಗ್ಗೆ ನಿಮಗಿರುವ ಬೇಸರ ಅಂದಿನವರಿಗೂ ಇತ್ತು. 1733ರಲ್ಲಿ ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೋಗಾರ್ತ್ ಕುಡುಕರನ್ನು ಅಣಕಿಸುವ ಒಂದು ಚಿತ್ರ ಅಚ್ಚು ಹಾಕಿಸಿದ. ದೊಡ್ಡ ಬಟ್ಟಲಿನ ಸುತ್ತ ಗಂಡಸರೇ ಸೇರಿದ್ದಾರೆ. ಒಬ್ಬ ನೆಲಕ್ಕೆ ಬಿದ್ದಿದ್ದಾನೆ. ಜನ ಅದೇ ಚಿತ್ರವನ್ನು ಪಂಚ್ ಬಟ್ಟಲುಗಳ ಮೇಲೂ ಬರೆಸಿಕೊಂಡರು.

ನನ್ನನ್ನು ಕಾಡುವುದು ಕುಡಿತಕ್ಕಿಂತ ಆ ಸಕ್ಕರೆ. ಅದು ಬರುತ್ತಿದ್ದುದು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಂದ. ಅಲ್ಲಿ ದುಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ರಮ್ ಕೂಡ ಆ ಕಬ್ಬಿನದೇ. ಆ ಶತಮಾನದ ಕೊನೆಯ ಹೊತ್ತಿಗೆ ಗುಲಾಮರ ವ್ಯಾಪಾರದಲ್ಲಿ ಲಿವರ್‌ಪೂಲನ್ನು ಮೀರಿಸುವ ಬಂದರು ಬ್ರಿಟನ್ನಿನಲ್ಲಿ ಇರಲಿಲ್ಲ. ‘ಆಫ್ರಿಕಾ ವ್ಯಾಪಾರಕ್ಕೆ ಜಯವಾಗಲಿ’ ಎಂದೇ ಬರೆಸಿದ ಬಟ್ಟಲೊಂದು ಇಂದಿಗೂ ಆ ಊರಿನ ಸಂಗ್ರಹಾಲಯದಲ್ಲಿದೆ. ಗೆಳೆಯರು ನಗುನಗುತ್ತಾ ಓದಿದ ಹಾರೈಕೆ ಅದು! 1791ರಲ್ಲಿ ಬ್ರಿಟನ್ನಿನ ಸಾವಿರಾರು ಮನೆಗಳು ಆ ಸಕ್ಕರೆಯನ್ನೇ ಬಿಟ್ಟವು. ಮುಂದಾಳಾಗಿ ನಿಂತವರಲ್ಲಿ ಹೆಂಗಸರು ಬಹಳ ಮಂದಿ. ಪಂಚ್ ಕೂಟಗಳಲ್ಲಿ ಜಾಗವಿರದಿದ್ದ ಅವರ ಕೈಯಲ್ಲಿ ಮನೆಯ ಸಕ್ಕರೆ ಡಬ್ಬಿ ಇತ್ತು. ಗುಲಾಮರ ವ್ಯಾಪಾರವನ್ನು ಬ್ರಿಟಿಷ್ ಸಂಸತ್ತು ನಿಷೇಧಿಸಿದ್ದು 1807ರಲ್ಲಿ.

ಈ ಸಕ್ಕರೆಯ ಕಥೆಗೆ ಆ ಎರಡು ಪುಟಗಳಲ್ಲಿ ಜಾಗ ಸಾಲಲಿಲ್ಲ. ನಿಮ್ಮ ಪತ್ರದಿಂದ ಅದನ್ನು ಹೇಳಲು ದಾರಿಯಾಯಿತು.
– ಸಂ.