ಇಮೇಜ್ ಹಾಳಾಗಿಲ್ಲ, ನೀವು ನೋಡುತ್ತಿರುವುದು ಒಂದು ಪಾಲು ಮಾತ್ರ

ಪ್ರಶ್ನೆ: ನಮ್ಮ ಪ್ರೆಸ್ಸಿನಲ್ಲಿದ್ದ 1997ರ ಸಿಡಿಯ ಐಎಸ್ಒ ಇಮೇಜ್ (ಇಡೀ ಸಿಡಿಯ ನಕಲಿರುವ ಒಂದೇ ಫೈಲ್) 610 ಎಂಬಿ ಇದೆ. ವಿಂಡೋಸ್‌ನಲ್ಲಿ ತೆರೆದರೆ 38 ಎಂಬಿ ಫೈಲ್ ಅಷ್ಟೇ ಕಾಣುತ್ತದೆ. ಶಿವಮೊಗ್ಗದ ಅಂಗಡಿಯೊಂದರಲ್ಲಿ ‘ಕರಪ್ಟ್ ಆಗಿದೆ, ರಿಕವರಿ ಮಾಡಿಸಿ’ ಅಂದರು. (ತೀರ್ಥಹಳ್ಳಿ)

ಉತ್ತರ: ದುಡ್ಡು ಕೊಟ್ಟಿಲ್ಲ ತಾನೆ? ಕೊಡಬೇಡಿ. ಅಟ್ಟ ಗುಡಿಸಿದವರೆಲ್ಲ ಇದನ್ನೇ ಕೇಳುತ್ತಾರೆ, ಅಂಗಡಿಯವರೆಲ್ಲ ಇದನ್ನೇ ಹೇಳುತ್ತಾರೆ.

ಇದು ಹೈಬ್ರಿಡ್ ಡಿಸ್ಕ್ ಆಗಿರುವ ಸಾಧ್ಯತೆಯೇ ಹೆಚ್ಚು. ಅಂದರೆ ಫೈಲ್ ಜೋಡಿಸಿಡುವ ಎರಡು ಪದ್ಧತಿ: ಪಿಸಿಗೆ ಐಎಸ್ಒ 9660, ಹಳೆಯ ಮ್ಯಾಕ್‌ಗೆ ಎಚ್‌ಎಫ್‌ಎಸ್, ಎರಡೂ ಒಂದೇ ಡಿಸ್ಕಿನಲ್ಲಿ. ಐಎಸ್ಒ ತನ್ನ ಮೊದಲ 16 ಸೆಕ್ಟರ್ (2048 ಬೈಟಿನ ತುಂಡು), ಅಂದರೆ 32 ಕೆಬಿ ಜಾಗವನ್ನು ಮುಟ್ಟುವುದಿಲ್ಲ. ಆ ಖಾಲಿ ಜಾಗದಲ್ಲಿ ಆಪಲ್‌ನ ಪಾರ್ಟಿಶನ್ ಪಟ್ಟಿ (ಮ್ಯಾಕ್ ಪಾಲು ಎಲ್ಲಿದೆ ಎಂಬ ಸೂಚಿ) ಕೂತಿರುತ್ತದೆ. ವಿಂಡೋಸ್‌ಗೆ ಅದನ್ನು ಓದಲು ಬರುವುದಿಲ್ಲ. ಹೊಸ ಮ್ಯಾಕ್ ತಂದರೂ ಆಗದು: 2019ರ ಮ್ಯಾಕ್ ಆವೃತ್ತಿ ಕ್ಯಾಟಲಿನಾದಿಂದ ಹಳೆಯ ಎಚ್‌ಎಫ್‌ಎಸ್ ಓದುವುದನ್ನು ಆಪಲ್ಲೇ ಕೈಬಿಟ್ಟಿದೆ. ಎರಡು ಕಡೆಯ ಗಾತ್ರ ಕೂಡಿಸಿ ತಾಳೆ ನೋಡಬೇಡಿ. ಒಂದೇ ಫೈಲನ್ನು ಎರಡೂ ಕಡೆಯವರು ಹಂಚಿಕೊಂಡಿರುವುದುಂಟು.

ಮೊದಲು ಫೈಲನ್ನು ರೀಡ್-ಓನ್ಲಿ ಮಾಡಿ, ಒಂದು ಪ್ರತಿ ಬೇರೆ ಕಡೆ ಇಡಿ. ಆಮೇಲೆ ಬೈಟ್‌ಗಳನ್ನೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ 32769ನೇ ಬೈಟ್ ನೋಡಿ (ಎಣಿಕೆ ಸೊನ್ನೆಯಿಂದ). ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಸಿಡಿ001’ ಇದ್ದರೆ ಸರಿ. ಅಲ್ಲಿಲ್ಲದೆ 37649ರಲ್ಲಿ ಸಿಕ್ಕರೆ ಅದು ಕಚ್ಚಾ ಇಮೇಜ್. ಸೆಕ್ಟರ್ 2048 ಅಲ್ಲ, 2352 ಬೈಟ್. ಕಚ್ಚಾ ಇಮೇಜಿನ ಬಿನ್ ಅನ್ನುವ ಹೆಸರನ್ನು ಐಎಸ್ಒ ಎಂದು ಬದಲಿಸಿದರೆ ಒಳಗಿನದು ಬದಲಾಗುವುದಿಲ್ಲ ಮಾರಾಯ್ರೆ! ಟ್ರ್ಯಾಕ್ ವಿವರವಿರುವ ಕ್ಯೂ ಫೈಲ್ ಜೊತೆಗಿಟ್ಟು ಬಿ-ಚಂಕ್ ಎಂಬ ತಂತ್ರಾಂಶದಿಂದ ಪರಿವರ್ತಿಸಿ.

ಈಗ 512ನೇ ಬೈಟ್. ‘ಪಿಎಂ’ ಅಕ್ಷರಗಳಿದ್ದರೆ ಮ್ಯಾಕ್ ಪಾರ್ಟಿಶನ್ ಪಟ್ಟಿ ಇದೆ. ಪಟ್ಟಿಯಿಲ್ಲದ ಡಿಸ್ಕುಗಳೂ ಉಂಟು. ಅವುಗಳಲ್ಲಿ 1024ರಲ್ಲಿ ನೇರವಾಗಿ ‘ಬಿ’, ‘ಡಿ’ ಅಕ್ಷರಗಳು ಸಿಗುತ್ತವೆ. ಎರಡೂ ಇಲ್ಲವಾದರೆ ಹೈಬ್ರಿಡ್ ಅನ್ನುವ ಆಸೆ ಬಿಡಿ.

ವಿಂಡೋಸ್‌ನಲ್ಲೇ ಕೆಲಸ ಆಗಬೇಕಿದ್ದರೆ ಎಚ್‌ಎಫ್‌ಎಸ್-ಎಕ್ಸ್‌ಪ್ಲೋರರ್ ಸಾಕು; ಉಚಿತ, ಜಾವಾ ಬೇಕು. ನನ್ನ ಒಲವು ಮಾತ್ರ ಲಿನಕ್ಸ್‌ನ ಎಚ್‌ಎಫ್‌ಎಸ್-ಯುಟಿಲ್ಸ್ ಕಡೆಗೆ: ಎಚ್-ಮೌಂಟ್‌ನಿಂದ ಇಮೇಜ್ ತೆರೆದು, ಎಚ್-ಎಲ್ಎಸ್‌ನಿಂದ ಪಟ್ಟಿ ನೋಡಿ, ಎಚ್-ಕಾಪಿಯಿಂದ ಫೈಲ್ ಹೊರತೆಗೆಯಿರಿ. ಎಚ್-ಕಾಪಿಗೆ ‘ಮೈನಸ್ ಎಂ’ ಎಂಬ ಆಯ್ಕೆ ಕೊಡಲು ಮರೆತರೆ ನಷ್ಟ. ಹಳೆಯ ಮ್ಯಾಕ್ ಫೈಲಿಗೆ ಡೇಟಾ ಫೋರ್ಕ್, ರಿಸೋರ್ಸ್ ಫೋರ್ಕ್ ಎಂದು ಎರಡು ಭಾಗ. ಫಾಂಟ್‌ಗಳಲ್ಲಿ ಹೆಚ್ಚಿನವು ಎರಡನೆಯದರಲ್ಲೇ ಇರುತ್ತವೆ. ಸುಮ್ಮನೆ ಪೆನ್‌ಡ್ರೈವ್‌ಗೆ ಎಳೆದು ಹಾಕಿದರೆ ಫಾಂಟ್ ಸೊನ್ನೆ ಬೈಟ್ ಆಗಿ ಕೂರುತ್ತದೆ. ‘ಮೈನಸ್ ಎಂ’ ಕೊಟ್ಟರೆ ಎರಡನ್ನೂ ಮ್ಯಾಕ್‌ಬೈನರಿ ಎಂಬ ಒಂದೇ ಫೈಲಾಗಿ ಒಟ್ಟು ಕಟ್ಟುತ್ತದೆ. ಸಿಡಿಯ ತಂತ್ರಾಂಶವನ್ನೇ ಓಡಿಸಬೇಕಿದ್ದರೆ ಹಳೆಯ ಮ್ಯಾಕನ್ನು ಅನುಕರಿಸುವ ಬ್ಯಾಸಿಲಿಸ್ಕ್ ಟೂ ಅಥವಾ ಶೀಪ್‌ಶೇವರ್‌ಗೆ ಇಡೀ ಇಮೇಜನ್ನೇ ಕೊಡಿ.

ಪ್ರಶ್ನೆ: ಹೊರತೆಗೆದ ಫೈಲಿನಲ್ಲಿ ಕನ್ನಡದ ಬದಲು ಚಿತ್ರವಿಚಿತ್ರ ಚಿಹ್ನೆ. (ಸಾಗರ)

ಉತ್ತರ: ಅದು ಯುನಿಕೋಡ್ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ) ಅಲ್ಲ, ಆಗ ಬಳಸಿದ ಫಾಂಟ್ ಹುಡುಕಿ, ನುಡಿಯ ಪರಿವರ್ತಕವನ್ನು ಶ್ರೀಲಿಪಿಯ ಪಠ್ಯಕ್ಕೆ ಹಾಕಬೇಡಿ, ಎರಡರ ಸಂಕೇತ ಬೇರೆ ಬೇರೆ.

ಪ್ರಶ್ನೆ: ಇಮೇಜ್ ರಿಪೇರಿ ಮಾಡುವ ಒಳ್ಳೆಯ ಸಾಫ್ಟ್‌ವೇರ್ ಯಾವುದು? (ಹೊಸನಗರ)

ಉತ್ತರ: ಮೊದಲ ಉತ್ತರ ಓದಿ.

ಪ್ರಶ್ನೆ: ಮಳೆಗಾಲದಲ್ಲಿ ಸಿಡಿಗೆ ಬೂಷ್ಟು ಹಿಡಿದಿದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೋಗುತ್ತದಂತೆ? (ಕೊಪ್ಪ)

ಉತ್ತರ: ಬೂಷ್ಟಿನ ಜೊತೆ ಸಿಡಿಯೂ ಹೋಗುತ್ತದೆ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಸೋಪು, ಮೆತ್ತನೆಯ ಬಟ್ಟೆ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಲೂ ಉಜ್ಜಿದ ಗೀರು ಟ್ರ್ಯಾಕಿನ ಉದ್ದಕ್ಕೇ ಬೀಳುತ್ತದೆ. ಲೇಬಲ್ ಕೀಳಬೇಡಿ, ಡೇಟಾ ಪದರ ಅದರ ಕೆಳಗೇ ಇದೆ. ಒಣಗಿದ ಮೇಲೆ ಹಾಳಾದ ಡಿಸ್ಕ್ ಓದುವ ಡಿಡಿ-ರೆಸ್ಕ್ಯೂನಲ್ಲಿ 2048 ಬೈಟಿನ ಬ್ಲಾಕ್ ಇಟ್ಟು ಓದಿಸಿ. ಕರೆಂಟ್ ಹೋದರೂ ಚಿಂತೆಯಿಲ್ಲ. ಎಷ್ಟು ಓದಿಯಾಯಿತು ಎಂದು ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿದ್ದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ.